ಫಾರ್ಚುನಾ ಯೋರಿಂಗ್: ಇಷ್ಟು ಸಣ್ಣ ಊರಿನ ಹೆಣ್ಮಕ್ಕಳ ಕ್ಲಬ್ಬು ಯುರೋಪ್ ಫೈನಲ್ ತನಕ ಹೋಗಿದ್ದು ಹೇಗೆ?

ಗೋಲ್‌ಪೋಸ್ಟ್_ಗೌಡ್ತಿ:
ಎಲ್ರಿಗೂ ನಮಸ್ಕಾರ. ನಾದಿಯಾ ನದೀಮ್ ಬಗ್ಗೆ ಓದ್ತಾ ಇದ್ದೆ, ಅದೇ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಹುಟ್ಟಿ, ಅಪ್ಪನ್ನ ತಾಲಿಬಾನ್‌ನೋರು ಕೊಂದ್ಮೇಲೆ ಅಮ್ಮ ಮತ್ತೆ ಅಕ್ಕತಂಗೀರ ಜೊತೆ ಡೆನ್ಮಾರ್ಕ್‌ಗೆ ಬಂದು ಅಲ್ಲಿ ಫುಟ್ಬಾಲ್ ಕಲಿತು ನ್ಯಾಷನಲ್ ಟೀಮ್‌ಗೂ ಆಡಿ ಡಾಕ್ಟರ್ ಕೂಡ ಆದವ್ರು. ಅವ್ರು 2012ರಲ್ಲಿ ಸೇರಿದ ಕ್ಲಬ್ ಫಾರ್ಚುನಾ ಯೋರಿಂಗ್ ಅಂತ ಬಂತು. ಹುಡುಕಿದ್ರೆ ಯೋರಿಂಗ್ ಅನ್ನೋದು ಡೆನ್ಮಾರ್ಕ್‌ನ ಉತ್ತರದ ತುದೀಲಿರೋ, ಹೆಚ್ಚುಕಮ್ಮಿ 25 ಸಾವಿರ ಜನ ಇರೋ ಊರು. ಈ ಊರಿನ ಕ್ಲಬ್ಬು ಅಷ್ಟೊಂದು ಸಲ ದೇಶದ ಚಾಂಪಿಯನ್, 2003ರಲ್ಲಿ ಯುರೋಪಿನ ಮಹಿಳಾ ಕ್ಲಬ್‌ಗಳ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್ ಬೇರೆ! ಕೋಪನ್‌ಹೇಗನ್‌ನ ದೊಡ್ಡ ಕ್ಲಬ್‌ಗಳೆಲ್ಲ ಏನ್ ಮಾಡ್ತಿದ್ವು? ಹಿಂದಿನ ಕಥೆ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಕಾರ್ನರ್‌ಕಿಕ್_ಕುಮಾರ:
ಒಳ್ಳೆ ಪ್ರಶ್ನೆ. ಇದಕ್ಕೆ 2003ರಿಂದ ಅಲ್ಲ, ಅರವತ್ತರ ದಶಕದಿಂದ ಶುರು ಮಾಡ್ಬೇಕು. ಫಾರ್ಚುನಾ ಹುಟ್ಟಿದ್ದು 1966ರಲ್ಲಿ. ಆಗ ಡೆನ್ಮಾರ್ಕ್‌ನ ಫುಟ್ಬಾಲ್ ಸಂಸ್ಥೆ ಹೆಂಗಸರ ಆಟನ ತನ್ನೊಳಗೆ ಸೇರಿಸ್ಕೊಂಡೇ ಇರ್ಲಿಲ್ಲ, ಸೇರಿಸ್ಕೊಂಡಿದ್ದು 1972ರಲ್ಲಿ. ಅಂದ್ರೆ ಕ್ಲಬ್ಬು ಮೊದ್ಲು ಬಂತು, ಮಾನ್ಯತೆ ಆಮೇಲೆ ಬಂತು. ಫಾರ್ಚುನಾಗಿಂತ ಮುಂಚೆನೇ ಕೋಪನ್‌ಹೇಗನ್‌ನಲ್ಲಿ ಫೆಮಿನಾ ಅಂತ ಒಂದು ಟೀಮ್ ಇತ್ತು, ಒಂದು ಮಹಿಳಾ ಪತ್ರಿಕೆ ಹೆಸರಲ್ಲಿ 1959ರಲ್ಲಿ ಶುರುವಾಗಿದ್ದು. ಆ ಫೆಮಿನಾ ಹುಡ್ಗೀರೇ 1970ರಲ್ಲಿ ಡೆನ್ಮಾರ್ಕ್ ಹೆಸರಲ್ಲಿ ಇಟಲಿಗೆ ಹೋಗಿ ಅನಧಿಕೃತ ವರ್ಲ್ಡ್ ಕಪ್ ಫೈನಲ್‌ನಲ್ಲಿ ಇಟಲಿನ 2-0 ಸೋಲಿಸಿ ಬಂದ್ರು!

ಮುಂದಿನ ವರ್ಷ ಮೆಕ್ಸಿಕೋದಲ್ಲಿ ಇನ್ನೂ ದೊಡ್ಡದು. ಅಜ್ಟೆಕಾ ಸ್ಟೇಡಿಯಂ, ಲಕ್ಷದ ಮೇಲೆ ಜನ, ಎಲ್ರೂ ಮೆಕ್ಸಿಕೋ ಕಡೆಯವ್ರೇ, ಅಂಥಾದ್ರಲ್ಲಿ ಡೆನ್ಮಾರ್ಕ್ 3-0 ಗೆಲ್ತು, ಮೂರೂ ಗೋಲು ಹೊಡೆದಿದ್ದು ಸುಸಾನ್ ಆಗಸ್ಟೆಸೆನ್ ಅನ್ನೋ 15 ವರ್ಷದ ಹುಡುಗಿ. ಇದನ್ನ ಪ್ರತಿ ಸಲ ಓದಿದಾಗ್ಲೂ ನಂಗೆ ಮೈ ಜುಂ ಅನ್ಸುತ್ತೆ. ಪ್ರಪಂಚದ ಮುಂದೆ ಎರಡು ಸಲ ಕಪ್ ಎತ್ತಿದ್ರೂ ಸ್ವಂತ ದೇಶದ ಸಂಸ್ಥೆ ಆಗಿನ್ನೂ ಇವ್ರನ್ನ ತನ್ನೋರು ಅಂದಿರ್ಲಿಲ್ಲ. ದೊಡ್ಡ ಗಂಡಸರ ಕ್ಲಬ್‌ಗಳ ಭರವಸೆ ಇಲ್ದೆ ಹೆಣ್ಮಕ್ಕಳು ತಾವೇ ಕಟ್ಕೊಂಡ ಕ್ಲಬ್‌ಗಳು ಮೇಲೆ ಬಂದಿದ್ದು ಇದಕ್ಕೇ ಅನ್ನೋದು ನನ್ನ ಅಭಿಪ್ರಾಯ.

ಉತ್ತರದ_ಗಾಳಿ:
ನಾನು ಇರೋದು ಆಲ್ಬೋರ್ಗ್‌ನಲ್ಲಿ, ಯೋರಿಂಗ್ ಟ್ರೇನಲ್ಲಿ ಮುಕ್ಕಾಲು ಗಂಟೆ. ಮೇಲೆ ಕುಮಾರ ಹೇಳಿದ್ದು ಸರಿ, ಫಾರ್ಚುನಾದಲ್ಲಿ ಗಂಡಸರ ಟೀಮೇ ಇಲ್ಲ, ಪೂರ್ತಿ ಹೆಂಗಸರ ಕ್ಲಬ್ಬು. ಊರಲ್ಲಿ ಗಂಡಸರದ್ದು ವೆಂಡ್ಸಿಸೆಲ್ ಅಂತ ಬೇರೆ ಕ್ಲಬ್ ಇದೆ, ಆದ್ರೆ ಯೋರಿಂಗ್ ಅಂದ್ರೆ ಫುಟ್ಬಾಲ್ ನೋಡೋರಿಗೆ ಮೊದ್ಲು ನೆನಪಾಗೋದು ಫಾರ್ಚುನಾನೇ. ಅಪ್ಪ ಅಮ್ಮ ಪುಟ್ಟ ಮಕ್ಕಳನ್ನ ಕರ್ಕೊಂಡು ಮ್ಯಾಚಿಗೆ ಬರ್ತಾರೆ, ಗಾಳಿ ಮಾತ್ರ ಕೇಳ್ಬೇಡಿ, ಸಮುದ್ರ ಹತ್ರ ಅಲ್ವಾ, ಏಪ್ರಿಲ್‌ನಲ್ಲೂ ಟೋಪಿ ಬೇಕು.

ಆಡಿರೋರ ಪಟ್ಟಿ ನೋಡಿ. ನದೀಮ್ ಇಲ್ಲಿಂದ ಅಮೆರಿಕ ಲೀಗಿಗೆ ಹೋಗಿ 2017ರಲ್ಲಿ ಪೋರ್ಟ್‌ಲ್ಯಾಂಡ್ ಜೊತೆ ಚಾಂಪಿಯನ್ ಆದ್ರು, ಆಮೇಲೆ ಪ್ಯಾರಿಸ್ ಜೊತೆ 2021ರಲ್ಲಿ ಫ್ರಾನ್ಸ್ ಲೀಗು. ಸಿಗ್ನೆ ಬ್ರೂನ್ ಕೂಡ ಇಲ್ಲಿಂದ್ಲೇ ಪ್ಯಾರಿಸ್‌ಗೆ ಹೋಗಿದ್ದು. ಬ್ರೆಜಿಲ್‌ನ ತಮೀರೆಸ್ 2015ರಲ್ಲಿ ಬಂದು 2019ರ ತನಕ ಇಲ್ಲೇ ಆಡಿದ್ರು, ಮಗು ಆದ್ಮೇಲೂ ಆಟಕ್ಕೆ ವಾಪಸ್ ಬಂದು ಬ್ರೆಜಿಲ್ ಟೀಮಲ್ಲಿ ಜಾಗ ಗಟ್ಟಿ ಮಾಡ್ಕೊಂಡವ್ರು. ಬ್ರೆಜಿಲ್ ಬಿಸಿಲು ಬಿಟ್ಟು ಈ ಚಳೀಲಿ ನಾಲ್ಕು ವರ್ಷ ಇರ್ಬೇಕಂದ್ರೆ ಕ್ಲಬ್ಬು ಚೆನ್ನಾಗಿ ನೋಡ್ಕೊಂಡಿರ್ಬೇಕು.

ಆಫ್‌ಸೈಡ್_ಆಚಾರ್:
ಎಲ್ಲ ಸರಿ, ಆದ್ರೆ ಬ್ರೊಂಡ್ಬಿನ ಮರೀಬೇಡ್ರಪ್ಪ! ಕೋಪನ್‌ಹೇಗನ್ ಕಡೆ ಕ್ಲಬ್ ಏನ್ ಮಾಡ್ತಿತ್ತು ಅಂತ ಕೇಳಿದ್ರಲ್ಲ, ಅದು ಲೀಗ್ ಗೆಲ್ತಾ ಇತ್ತು. 2014ರಿಂದ 2020ರ ತನಕ ನೋಡಿ, 14ರಲ್ಲಿ ಫಾರ್ಚುನಾ, 15ರಲ್ಲಿ ಬ್ರೊಂಡ್ಬಿ, 16ರಲ್ಲಿ ಫಾರ್ಚುನಾ, ಹಿಂಗೇ ಒಂದು ವರ್ಷ ಇವ್ರು ಒಂದು ವರ್ಷ ಅವ್ರು, 20ರ ತನಕ ಒಂದ್ಸಲಾನೂ ತಪ್ಪಿಲ್ಲ. ಯುರೋಪಲ್ಲೂ ಬ್ರೊಂಡ್ಬಿ ಮೂರು ಸಲ ಸೆಮಿಫೈನಲ್ ಆಡಿದೆ, ಕೊನೇದು 2015ರಲ್ಲಿ, ಫ್ರಾಂಕ್‌ಫರ್ಟ್ ಮುಂದೆ ಎರಡು ಮ್ಯಾಚ್ ಸೇರಿ 13-0 ಸೋತ್ರು ಅದು ಬೇರೆ ವಿಷ್ಯ.

ಫೈನಲ್ ತನಕ ಹೋದ ಡೆನ್ಮಾರ್ಕ್ ಟೀಮ್ ಮಾತ್ರ ಫಾರ್ಚುನಾ ಒಂದೇ, ಅದನ್ನ ಒಪ್ಕೋಬೇಕು. ಸೆಮಿಫೈನಲ್‌ನಲ್ಲಿ ಸೋಲ್ಸಿದ್ದು ಯಾರನ್ನ ಗೊತ್ತಾ, ಆರ್ಸೆನಲ್‌ನ! ಫೈನಲ್‌ನಲ್ಲಿ ಸಿಕ್ಕಿದ್ದು ಸ್ವೀಡನ್‌ನ ಉಮಿಯೋ, ಸ್ಟ್ರೈಕರ್ ಹನ್ನಾ ಯುಂಗ್‌ಬೆರಿ ಇದ್ದ ಟೀಮು, ಫಾರ್ಚುನಾ ಅಲ್ಲಿ 4-1, ಯೋರಿಂಗ್‌ನಲ್ಲಿ 3-0, ಒಟ್ಟು 7-1 ಸೋತ್ರು. ಸ್ಕೋರ್ ನೋಡಿ ಏಕಪಕ್ಷೀಯ ಅನ್ಬೋದು, ಆದ್ರೆ ಆಗ ಯುರೋಪಲ್ಲಿ ಉಮಿಯೋ ಎದುರು ನಿಲ್ಲೋ ಟೀಮ್ ಬೆರಳೆಣಿಕೆ, ಮುಂದಿನ ವರ್ಷಾನೂ ಕಪ್ ಅವ್ರೇ ತಗೊಂಡ್ರು.

ಗೋಲ್‌ಪೋಸ್ಟ್_ಗೌಡ್ತಿ:
ಆರ್ಸೆನಲ್‌ನ ಸೋಲ್ಸಿದ್ರು ಅಂತ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್! ಈಗ ಪರಿಸ್ಥಿತಿ ಹೆಂಗಿದೆ? ಇಂಗ್ಲೆಂಡ್ ಸ್ಪೇನ್ ಕ್ಲಬ್‌ಗಳ ದುಡ್ಡಿನ ಮುಂದೆ ಇಂಥ ಕ್ಲಬ್ ಉಳಿಯುತ್ತಾ?

ಕಾರ್ನರ್‌ಕಿಕ್_ಕುಮಾರ:
ಕಷ್ಟ ಇದೆ, ಸುಳ್ಳು ಹೇಳಲ್ಲ. ಯುರೋಪಲ್ಲಿ 2017ರ ಕ್ವಾರ್ಟರ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಎರಡೂ ಮ್ಯಾಚ್ ಸೋತಿದ್ದು ಬರೀ 1-0, ಅಷ್ಟು ಹತ್ರ ಬಂದಿದ್ರು, ಯೋರಿಂಗ್‌ನಲ್ಲಿ ಸಿಟಿ ಪರ ಗೋಲ್ ಹೊಡೆದಿದ್ದು ಅಮೆರಿಕದ ಕಾರ್ಲಿ ಲಾಯ್ಡ್. ಅದು ಮಾರ್ಚ್ ತಿಂಗಳು, ಡೆನ್ಮಾರ್ಕ್ ಲೀಗು ಚಳಿಗಾಲದ ರಜೆ ಮುಗಿಸಿ ಆಗಷ್ಟೇ ಏಳ್ತಾ ಇರುತ್ತೆ, ಮ್ಯಾಚ್ ಪ್ರಾಕ್ಟೀಸೇ ಇರಲ್ಲ, ಇದೊಂದು ದೊಡ್ಡ ತೊಂದರೆ. ನಾಲ್ಕು ವರ್ಷ ಆದ್ಮೇಲೆ ಬಾರ್ಸಿಲೋನಾ ಸಿಕ್ಕಾಗ ಅಂತರ ಪೂರ್ತಿ ಬೇರೆ ಲೆವೆಲ್ ಆಗಿಹೋಗಿತ್ತು, ಆ ವರ್ಷ ಕಪ್ ಗೆದ್ದಿದ್ದೂ ಬಾರ್ಸಿಲೋನಾನೇ.

ದೇಶದೊಳಗೂ ಪೈಪೋಟಿ ಜಾಸ್ತಿ ಆಗಿದೆ. ಕೋಗೆ 2021ರಿಂದ ಸತತ ಮೂರು ಸಲ ಲೀಗ್ ಗೆಲ್ತು, 2024ರಲ್ಲಿ ನಾರ್ಡ್‌ಶೆಲ್ಲಾಂಡ್. ಎರಡೂ ಗಂಡಸರ ಟೀಮ್ ಇರೋ ಕ್ಲಬ್‌ಗಳು. ಆಗ ನಾನೂ ಫಾರ್ಚುನಾ ಕಾಲ ಮುಗೀತೇನೋ ಅಂತ ಬೇಜಾರಲ್ಲಿದ್ದೆ, ಆದ್ರೆ 2025ರಲ್ಲಿ ಮತ್ತೆ ಚಾಂಪಿಯನ್ ಆದ್ರು. ಮ್ಯಾಚ್ ಎಲ್ಲಿ ಸಿಗುತ್ತೆ ಅಂತ ಹುಡುಕಿ ನೋಡಿ ಗೌಡ್ತಿಯವ್ರೇ, ಬ್ರೊಂಡ್ಬಿ ಎದುರಿನದ್ದು ಸಿಕ್ರೆ ಮೊದ್ಲು ಅದನ್ನೇ ನೋಡಿ.