ಪದ ಬೇಕಿದೆ: ರೂಟರ್ "ಬ್ರಿಕ್ ಆಯ್ತು" ಅನ್ನೋದಕ್ಕೆ

ಎಲ್ಲರಿಗೂ ನಮಸ್ಕಾರ. ರೂಟರ್‌ನ 4 ಎಂಬಿ ಫ್ಲಾಶ್ ಚಿಪ್ ತೆಗೆದು 16 ಎಂಬಿಯದನ್ನು ಕೂರಿಸುವ ಕೈಪಿಡಿಯ ಅನುವಾದ. ಸಂಜೆಯೊಳಗೆ ಅಚ್ಚಿಗೆ ಹೋಗಬೇಕು, ಕೆಂಪು ಚೌಕದ ಎಚ್ಚರಿಕೆಯೊಂದು ಉಳಿದಿದೆ: "ಹಳೆ ಚಿಪ್‌ನ ನಕಲು ತೆಗೆಯದೆ ಬೆಸುಗೆ ಕೀಳಬೇಡಿ, ರೂಟರ್ ಬ್ರಿಕ್ ಆಗುತ್ತದೆ." ಬ್ರಿಕ್ ಅಂದರೆ ಮತ್ತೆ ಏಳದಂತೆ ಸತ್ತುಬೀಳುವುದು. "ಕೆಟ್ಟುಹೋಗುತ್ತದೆ" ಅಂದರೆ ಸಪ್ಪೆ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸ್‌ಗೂ ಒಂದು ಪದ ಕೊಡಿ.

ಮರು:
ಇಟ್ಟಿಗೆಯಾಗುತ್ತದೆ. ಅಚ್ಚಗನ್ನಡ ಪದ ಕೈಯಲ್ಲೇ ಇರುವಾಗ ಹುಡುಕಾಟ ಯಾಕೆ? ಫ್ಲಕ್ಸ್‌ಗೆ ಬಿಳಿಗಾರ ಅನ್ನಿ. ಅಕ್ಕಸಾಲಿಗರು ಬೆಸುಗೆಗೆ ಹಾಕುವುದು ಅದನ್ನೇ.

ಮರು:
> ಅಚ್ಚಗನ್ನಡ
ಅಲ್ಲ. ಇಟ್ಟಿಗೆ ಸಂಸ್ಕೃತದ ಇಷ್ಟಿಕಾದಿಂದ ಬಂದ ತದ್ಭವ, ಮಲ್ಲಿಕಾ ಮಲ್ಲಿಗೆಯಾದ ಹಾಗೆ. ಹೊಲಿಗೆ, ಉಡುಗೆ, ಬೆಸುಗೆಗಳ "ಗೆ" ಬೇರೆ, ಅದು ಧಾತುವಿಗೆ ಹತ್ತಿದ್ದು. ಬಿಳಿಗಾರದ "ಗಾರ"ವೂ ಕ್ಷಾರವೇ. ಒಂದು ಓಲೆಯಲ್ಲಿ ಎರಡು ಅಚ್ಚಗನ್ನಡ, ಎರಡೂ ಸಂಸ್ಕೃತ!

ಮರು:
ವ್ಯುತ್ಪತ್ತಿ ಆಮೇಲೆ ನೋಡೋಣ, ಬಿಳಿಗಾರ ಮಾತ್ರ ಬೇಡವೇ ಬೇಡ. ಅದು ಕರಗುವುದೇ 740 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಚಿನ್ನಬೆಳ್ಳಿಗೆ ಸರಿ. ಬೋರ್ಡಿಗೆ ಬಿಸಿಗಾಳಿ ಹಿಡಿಯುವುದು 350ರ ಆಸುಪಾಸಿನಲ್ಲಿ. ಓದಿದವನು ಬಿಳಿಗಾರವನ್ನೇ ತಂದು ಸುರಿದಾನು. ಇಲ್ಲಿ ಬೇಕಿರುವುದು ರಾಳದ ಫ್ಲಕ್ಸ್.

"ಕೀಳಬೇಡಿ"ಯನ್ನೂ ತೆಗೆಯಿರಿ, "ಬಿಡಿಸಬೇಡಿ" ಅನ್ನಿ. ಕೀಳು ಅಂದರೆ ಜನ ಕಿತ್ತೇ ಬಿಡುತ್ತಾರೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಚಿಪ್‌ನ ಎಂಟು ಕಾಲಲ್ಲಿ ಒಂದು ಇನ್ನೂ ಹಿಡಿದಿರುವಾಗಲೇ ಎತ್ತಿದರೆ ತಾಮ್ರದ ಪ್ಯಾಡ್ ಸಿಪ್ಪೆಯ ಹಾಗೆ ಎದ್ದುಬರುತ್ತದೆ. ಮೊದಲು ಕಾಲುಗಳಿಗೆ ಸೀಸದ ಬೆಸುಗೆ ಬೆರೆಸಿದರೆ ಕಡಿಮೆ ಬಿಸಿಗೇ ಕರಗುತ್ತದೆ.

ಮರು:
"ಬ್ರಿಕ್" ಪದವೇ ಇಲ್ಲಿ ತಪ್ಪು. ಫರ್ಮ್‌ವೇರ್ (ರೂಟರ್ ನಡೆಸುವ ತಂತ್ರಾಂಶ) ಹಾಳಾಗಿ, ಅದನ್ನು ಶುರುಮಾಡುವ ಬೂಟ್‌ಲೋಡರ್ ಉಳಿದಿದ್ದರೆ ಎಷ್ಟೋ ರೂಟರ್‌ಗಳನ್ನು ಟಿಎಫ್‌ಟಿಪಿಯಿಂದ, ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಕಳಿಸಿ, ಎಬ್ಬಿಸಬಹುದು. ಬೂಟ್‌ಲೋಡರೂ ಅಳಿಸಿಹೋದರೆ ಚಿಪ್‌ಗೆ ನೇರವಾಗಿ ಬರೆಯುವ ಸಾಧನ, ಪ್ರೋಗ್ರಾಮರ್, ಬೇಕು. ಇಷ್ಟನ್ನೇ ಜನ ಬ್ರಿಕ್ ಅನ್ನುವುದು. ನಿಮ್ಮ ಎಚ್ಚರಿಕೆ ಮೂರನೆಯ ಸಂಗತಿಗೆ ಸೇರಿದ್ದು. ಅಥೆರಾಸ್ ಕಂಪನಿಯ ಚಿಪ್ ಇರುವ ಹಳೆ ರೂಟರ್‌ಗಳಲ್ಲಿ ಫ್ಲಾಶ್‌ನ ಕೊನೆಯ 64 ಕೆಬಿಯಲ್ಲಿ ಎಆರ್‌ಟಿ ಇರುತ್ತದೆ, ಅಂದರೆ ಆ ಬೋರ್ಡಿನ ರೇಡಿಯೋಗೆಂದೇ ಕಾರ್ಖಾನೆಯಲ್ಲಿ ಅಳೆದು ಬರೆದ ಅಂಕಿಗಳು. ಅದು ಹೋದರೆ ರೂಟರ್ ಏಳುತ್ತದೆ, ವೈರ್ ಹಾಕಿದರೆ ನೆಟ್ಟೂ ಬರುತ್ತದೆ, ವೈಫೈ ಮಾತ್ರ ಇರದು. ಇನ್ನೊಂದು ರೂಟರ್‌ನಿಂದ ಎರವಲು ತಂದರೆ ಅಳತೆ ಹೊಂದದು.

ನಕಲಿದ್ದರೂ ಎಡವುವ ಜಾಗವಿದೆ: 4 ಎಂಬಿಯಲ್ಲಿ 3ಎಫ್0000 ಎಂಬ ವಿಳಾಸದಲ್ಲಿದ್ದ ಎಆರ್‌ಟಿಯನ್ನು 16 ಎಂಬಿಯಲ್ಲಿ ಎಫ್ಎಫ್0000ಕ್ಕೆ ಸರಿಸಬೇಕು. ಇದ್ದ ಹಾಗೇ ಬರೆದರೆ ಅದು ನಡುವೆ ಉಳಿಯುತ್ತದೆ, ಹೊಸ ಫರ್ಮ್‌ವೇರ್ ಹುಡುಕುವುದು ತುದಿಯಲ್ಲಿ. ನಕಲನ್ನು ಎರಡು ಸಲ ಓದಿ ಹೋಲಿಸಿ. ಚಿಪ್ ಓದಲು ಹಾಕುವ ಕ್ಲಿಪ್ ಸರಿಯಾಗಿ ಕಚ್ಚದಿದ್ದರೆ ಉದ್ದಕ್ಕೂ ಎಫ್ಎಫ್ ಅಂತಲೇ, ಅಂದರೆ ಖಾಲಿ ಇದ್ದ ಹಾಗೆ, ಬರುವುದುಂಟು. ಸಿಎಚ್341ಎ ಎಂಬ ಪ್ರೋಗ್ರಾಮರ್ ಬಳಸುವವರು ಡೇಟಾ ಪಿನ್ನಿನ ವೋಲ್ಟೇಜ್ ಅಳೆಯಲಿ: ಚಿಪ್ 3.3ರದ್ದು, ಆ ಬೋರ್ಡುಗಳಲ್ಲಿ ಕೆಲವು 5 ಬಿಡುತ್ತವೆ.

ಮರು:
ಇಷ್ಟೆಲ್ಲ ಬರೆದು ಕನ್ನಡ ಎಷ್ಟು? ಹೀಗೇ ಬಿಟ್ಟರೆ ನಮ್ಮ ನುಡಿಯಲ್ಲಿ ವಿಭಕ್ತಿಯಷ್ಟೇ ಉಳಿಯುತ್ತದೆ. ಇಟ್ಟಿಗೆ ಬೇಡವೇ, "ಕೊರಡಾಗುತ್ತದೆ" ಅನ್ನಿ.

ಮರು:
ರೂಟರ್, ಚಿಪ್, ಫ್ಲಾಶ್ ಒಳಗೆ ಬಂದು ಕೂತಾಗಿದೆ. ಬ್ರಿಕ್‌ಗೊಂದೇ ಮಡಿಯೇ, ಮೇಷ್ಟ್ರೇ?

ಮರು:
ಅಚ್ಚಿಗೆ ಕೊಟ್ಟೆ: "ಹಳೆ ಚಿಪ್‌ನ ಪೂರ್ತಿ ನಕಲು ತೆಗೆಯದೆ ಬೆಸುಗೆ ಬಿಡಿಸಬೇಡಿ. ವೈಫೈ ಮತ್ತೆ ಬಾರದು." ಫ್ಲಕ್ಸ್ ಫ್ಲಕ್ಸಾಗಿಯೇ ಇದೆ.

ಮರು:
"ನಕಲು" ಅರಬ್ಬಿ.