ಬೋರರ್‌ಗೆ ಔಷಧಿ ಹೊಡೆಯಲು ಜನ ಬರುತ್ತಿಲ್ಲ. ಹೊಡೆಯದೆ ಆಗುತ್ತಾ?

ಮಾದಾಪುರ ಅರೇಬಿಕಾ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಮಾದಾಪುರದ ಹತ್ತಿರ ನಾಲ್ಕು ಎಕರೆ ಅರೇಬಿಕಾ ಕಾಫಿ, ಮರಗಳಿಗೆ ಕರಿಮೆಣಸು ಹಬ್ಬಿಸಿದೆ. ಮನೆಯವರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ತೋಟ ನೋಡಿಕೊಳ್ಳುವುದು ನಾನೇ. ಜೊತೆಗೆ ಅತ್ತೆ ಇದ್ದಾರೆ, ಕೇಳಿದರೂ ಕೇಳದಿದ್ದರೂ ಸಲಹೆ ಸಿಗುತ್ತೆ.

ಮಳೆ ಬಿಡುತ್ತಾ ಇದೆ. ಅಕ್ಟೋಬರ್ ಬಂದರೆ ಬೋರರ್, ಅಂದರೆ ಕಾಫಿ ಕಾಂಡ ಕೊರೆಯುವ ಹುಳು, ಹಾರಲು ಶುರು. ಔಷಧಿ ಹೊಡೆಸಬೇಕು, ಆದರೆ ಹೊಡೆಯುವವರೇ ಇಲ್ಲ. ಕಾರಣ ಏಪ್ರಿಲ್‌ನಲ್ಲಿ ನಡೆದದ್ದು.

ವರ್ಷಗಳಿಂದ ನಮ್ಮಲ್ಲಿ ಕೆಲಸಕ್ಕೆ ಬರುವ ಅಣ್ಣ ಒಬ್ಬರಿದ್ದಾರೆ. ಅವತ್ತು ಬೆಳಿಗ್ಗೆಯಿಂದ ಪಂಪ್ ಹೊತ್ತು ಹೊಡೆಯುತ್ತಿದ್ದರು. ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಒದ್ದೆ ಟವೆಲ್. ನಡುವೆ ಒಮ್ಮೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಸುಣ್ಣ ಹಚ್ಚಿದ್ದು ಪಂಪ್ ಹಿಡಿದ ಅದೇ ಬೆರಳಲ್ಲಿ. ಮಧ್ಯಾಹ್ನದ ಹೊತ್ತಿಗೆ ಹಲಸಿನ ಮರದ ಕೆಳಗೆ ಕುಸಿದು ಕೂತರು. ಮೈಯೆಲ್ಲಾ ಬೆವರು, ಬಾಯಲ್ಲಿ ನೀರು ಸುರಿಯುತ್ತಿತ್ತು, ವಾಂತಿ ಬೇರೆ. "ಕಣ್ಣು ಮಂಜಾಗ್ತಿದೆ ಅಕ್ಕಾ" ಅಂದರು. ಯಾರೋ ಹುಣಸೆ ನೀರು ಕುಡಿಸಿದರು, ಅತ್ತೆ ಹಾಲು ಕೊಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, "ಯಾವ ಔಷಧಿ?" ಯಾರಿಗೂ ಗೊತ್ತಿಲ್ಲ. ಬಾಟಲಿ ಆಗಲೇ ತೋಡಿನ (ಹಳ್ಳದ) ಕಡೆ ಬಿದ್ದಿತ್ತು. ಪುಣ್ಯಕ್ಕೆ ಹುಷಾರಾದರು. ಈಗ "ಕಳೆ ಕಡಿಯುತ್ತೇನೆ, ಮರಗಸಿಗೆ (ನೆರಳು ಮರದ ಕೊಂಬೆ ಸವರಲು) ಮರ ಹತ್ತುತ್ತೇನೆ, ಔಷಧಿ ಮಾತ್ರ ಬೇಡ" ಅನ್ನುತ್ತಾರೆ. ತಪ್ಪು ಅನ್ನಲು ಆಗುತ್ತಾ?

ಕಂಟ್ರಾಕ್ಟ್‌ನವರನ್ನು ಕೇಳಿದೆ. ಅಸ್ಸಾಂ ಹುಡುಗರನ್ನು ಕಳಿಸುತ್ತೇನೆ ಅಂದರು. ಆ ಹುಡುಗರೂ ಬರುವುದು ಚಪ್ಪಲಿಯಲ್ಲೇ ಅಲ್ವಾ? ಔಷಧಿ ಅಂಗಡಿಯವರ ಸಲಹೆ ಇನ್ನೂ ಚೆನ್ನಾಗಿದೆ. "ಹೇಗೂ ಎಲೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುತ್ತೀರಲ್ಲ, ಅದೇ ಬ್ಯಾರಲ್‌ಗೆ ಇದನ್ನೂ ಸುರಿದುಬಿಡಿ, ಒಂದೇ ಕೂಲಿ" ಅಂದರು. ಜೊತೆಗೆ "ಪವರ್‌ಗೆ" ಅಂತ ಇನ್ನೊಂದು ಬಾಟಲಿ.

ನನ್ನ ಪ್ರಶ್ನೆ ಇಷ್ಟೇ. ಔಷಧಿ ಇಲ್ಲದೆ ಬೋರರ್ ಹಿಡಿತದಲ್ಲಿ ಇಟ್ಟವರು ಇಲ್ಲಿ ಯಾರಾದರೂ ಇದ್ದೀರಾ? ಹೊಡೆಸಲೇಬೇಕು ಅಂದರೆ, ನಮ್ಮ ಸೆಖೆಯಲ್ಲಿ, ನಮ್ಮ ಇಳಿಜಾರಲ್ಲಿ ಮನುಷ್ಯ ನಿಜವಾಗಿ ಹಾಕಿಕೊಳ್ಳುವಂಥದ್ದು ಏನು ಕೊಡಿಸಬೇಕು? ಪೋಸ್ಟರ್‌ನಲ್ಲಿರುವ ಬಾಹ್ಯಾಕಾಶದ ಡ್ರೆಸ್ ಬಗ್ಗೆ ಹೇಳಬೇಡಿ.

ಸಿದ್ದಾಪುರದವನು:

ಅಕ್ಕ, ಸುಲಭದ ದಾರಿ ಅಂದರೆ ಅರೇಬಿಕಾ ಕಿತ್ತು ರೋಬಸ್ಟಾ ಹಾಕಿ. ಬೈಯಬೇಡಿ, ತಮಾಷೆಗೆ ಹೇಳಿದ್ದು. ರೋಬಸ್ಟಾ ಕಾಫಿಯವರಾದ ನಮಗೆ ಕಾಂಡ ಕೊರೆಯುವವನ ಕಾಟ ಇಲ್ಲ, ಕಾಯಿ ಕೊರೆಯುವವನು ಇದ್ದಾನೆ. ಅವನಿಗೂ ಔಷಧಿಗಿಂತ ಕೊಯ್ಲು ಮುಗಿದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣು ಒಂದೂ ಬಿಡದೆ ಹೆಕ್ಕಿಸುವುದೇ ಮದ್ದು.

ಇನ್ನೊಂದು ವಿಷಯ. ನೀವು ಹೊಡೆಸಿದ್ದು ಕ್ಲೋರ್‌ಪೈರಿಫಾಸ್ ಇರಬೇಕು, ಬೋರರ್‌ಗೆ ಸಾಮಾನ್ಯವಾಗಿ ಕೊಡುವುದು ಅದನ್ನೇ. ಅದನ್ನು ಯುರೋಪಿನವರು 2020ರಲ್ಲಿ ಬೇಡ ಅಂದುಬಿಟ್ಟರು. ಕಾಫಿಯಲ್ಲಿ ಕಿಲೋಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಕಂಡರೆ ಆ ಲೋಡ್ ಅಲ್ಲಿ ಇಳಿಯುವುದಿಲ್ಲ. ನಮ್ಮ ಕಾಫಿ ಜಾಸ್ತಿ ಹೋಗುವುದು ಇಟಲಿ, ಜರ್ಮನಿ ಕಡೆಗೇ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಸೋಮವಾರಪೇಟೆ ಹಳೇ ಪ್ಲಾಂಟರ್:

ಮೊದಲು ಆ ಅಂಗಡಿ ಸಲಹೆ ಮರೆತುಬಿಡಮ್ಮ. ಬೋರ್ಡೋದಲ್ಲಿ ಸುಣ್ಣ ಇದೆ. ಸುಣ್ಣದ ನೀರಿಗೆ ಕ್ಲೋರ್‌ಪೈರಿಫಾಸ್ ಬೆರೆಸಿದರೆ ಔಷಧಿ ಸತ್ವ ಕಳೆದುಕೊಳ್ಳುತ್ತೆ. ದುಡ್ಡೂ ಹೋಯಿತು, ಬೋರರ್ರೂ ಉಳಿಯಿತು. ಅದೂ ಅಲ್ಲದೆ ಬೋರ್ಡೋ ಹೋಗಬೇಕಾದದ್ದು ಎಲೆಯ ಅಡಿಭಾಗಕ್ಕೆ, ಬೋರರ್ ಔಷಧಿ ಹೋಗಬೇಕಾದದ್ದು ಕಾಂಡಕ್ಕೆ ಮತ್ತು ದಪ್ಪ ರೆಕ್ಕೆಗಳ (ಕೊಂಬೆಗಳ) ಬುಡಕ್ಕೆ. ಒಂದೇ ಕೂಲಿಯಲ್ಲಿ ಎರಡು ಕೆಲಸ ಹೇಗಾಗುತ್ತೆ? ಆ "ಪವರ್" ಬಾಟಲಿ ವಾಪಸ್ ಕೊಟ್ಟು ಬಾ.

ಬೋರರ್ ವಿಷಯ ಹೀಗೆ. ಹುಳು ಒಂದು ಸಲ ತೊಗಟೆ ದಾಟಿ ಒಳಗೆ ಹೋದರೆ ಯಾವ ಔಷಧಿಯೂ ಮುಟ್ಟುವುದಿಲ್ಲ. ಕೊರೆದ ಪುಡಿಯನ್ನು ಹಿಂದೆಯೇ ಗಟ್ಟಿಯಾಗಿ ತುಂಬಿಕೊಂಡು ಹೋಗುತ್ತೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತೆ. ಹೊರಗಿನಿಂದ ತೂತು ಕಾಣುವುದಿಲ್ಲ. ಕಾಂಡದಲ್ಲಿ ದುಂಡಗಿನ ತೂತು ಕಂಡರೆ ಅವನು ರೆಕ್ಕೆ ಬಿಚ್ಚಿ ಹೊರಟುಹೋಗಿದ್ದಾನೆ ಅಂತ ಅರ್ಥ. ಹಾಗಾಗಿ ಕೆಲಸ ಮಾಡಬೇಕಾದದ್ದು ಅವನು ಹಾರುವ ಮೊದಲು. ಮಾರ್ಚ್ ಮತ್ತು ಸೆಪ್ಟೆಂಬರ್, ಅಂದರೆ ಈಗಲೇ.

ಔಷಧಿ ಬೇಡ ಅಂದ ಆ ಅಣ್ಣನನ್ನೇ ಜೊತೆಗೆ ಕರೆದುಕೊಂಡು ಒಂದೊಂದೇ ಸಾಲು ನಡೆ. ಎಲೆ ಹಳದಿ ಆಗಿ ಜೋಲು ಬಿದ್ದ ಗಿಡ ಕಂಡರೆ ಕಾಂಡದ ಮೇಲೆ ಕೈ ಆಡಿಸು. ತೊಗಟೆಯಡಿ ನರ ಉಬ್ಬಿದಂತೆ ಏಣು ಕೈಗೆ ಸಿಕ್ಕರೆ ಅದು ಬೋರರ್ ಗಿಡ. ಬುಡಸಮೇತ ಕೀಳಿಸಿ ಸುಟ್ಟುಹಾಕಬೇಕು. ಇಲ್ಲಿ ಎಲ್ಲರೂ ಎಡವುತ್ತಾರೆ. ಕಿತ್ತ ಗಿಡ ಲೈನ್ ಮನೆ (ಕೆಲಸದವರ ಸಾಲು ಮನೆ) ಸೌದೆಗೆ ಹೋಗುತ್ತೆ. ಮಾಡಿನ ಕೆಳಗೆ ಒಣಗಿದ ಕಾಫಿ ಕಾಂಡ ಪೇರಿಸಿಟ್ಟಿರುತ್ತಾರೆ, ಅದರೊಳಗಿಂದಲೇ ಅಕ್ಟೋಬರ್‌ನಲ್ಲಿ ಹುಳು ಹೊರಬಿದ್ದು ತೋಟಕ್ಕೆ ವಾಪಸ್. ಸುಡಲು ಆಗದಿದ್ದರೆ ಕೆರೆ ನೀರಲ್ಲಿ ಒಂದು ವಾರ, ಹತ್ತು ದಿನ ಮುಳುಗಿಸಿಡು.

ಉಳಿದ ಗಿಡಕ್ಕೆ ತೆಂಗಿನ ನಾರಿನಿಂದ ಕಾಂಡ ಉಜ್ಜಿಸು, ಸಡಿಲ ತೊಗಟೆ ಉದುರಿದರೆ ಸಾಕು. ಹುಳು ಮೊಟ್ಟೆ ಇಡುವುದು ಆ ತೊಗಟೆಯ ಬಿರುಕಿನಲ್ಲಿ. ಕತ್ತಿ, ತಂತಿ ಬ್ರಷ್ ಬೇಡ, ಹಸಿರು ತೊಗಟೆ ಗಾಯ ಆಗುತ್ತೆ. ಆಮೇಲೆ ಸುಣ್ಣ. ಇನ್ನೂರು ಲೀಟರ್ ಬ್ಯಾರಲ್‌ಗೆ ಇಪ್ಪತ್ತು ಕಿಲೋ, ಕಾಂಡಕ್ಕೂ ದಪ್ಪ ರೆಕ್ಕೆಗೂ. ಎಕರೆಗೆ ಹತ್ತರಂತೆ ಫೆರೋಮೋನ್ ಟ್ರಾಪ್ (ಗಂಡು ಹುಳುವಿನ ವಾಸನೆ ಇಟ್ಟು ಸೆಳೆಯುವ ಬಲೆ) ಕಟ್ಟಿಸು. ಅದಕ್ಕೆ ಬೀಳುವುದು ಹೆಣ್ಣು ಹುಳು, ಅದೇ ಅಲ್ವಾ ಬೇಕಾದದ್ದು. ಟ್ರಾಪ್ ಬಗ್ಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸು.

ಎಲ್ಲಕ್ಕಿಂತ ಮೊದಲು ತಲೆ ಎತ್ತಿ ನೆರಳು ನೋಡು. ಬೋರರ್‌ಗೆ ಬಿಸಿಲು ಬಿದ್ದ ಕಾಂಡ ಅಂದರೆ ಪ್ರೀತಿ. ಮರ ಮಾರಿದವರ ತೋಟದಲ್ಲಿ, ಬರೀ ಸಿಲ್ವರ್ ಓಕ್ ಇರುವ ಕಡೆ ಹೋಗಿ ನೋಡಿದರೆ ಗೊತ್ತಾಗುತ್ತೆ. ಬಯಲಾದ ಜಾಗಕ್ಕೆ ಹಾಲುವಾಣ ನೆಡು, ಅತ್ತಿ ಇದ್ದರೆ ಕಡಿಸಬೇಡ. ನಾನು ಔಷಧಿ ಪೂರ್ತಿ ಬಿಟ್ಟಿದ್ದೇನೆ ಅಂತ ಸುಳ್ಳು ಹೇಳುವುದಿಲ್ಲ. ಬಿಸಿಲು ಜಾಸ್ತಿ ಇರುವ ಪೂರ್ವದ ಇಳಿಜಾರಿಗೆ ಮಾತ್ರ, ಅದೂ ಕಾಂಡಕ್ಕೆ ಮಾತ್ರ. ಇಡೀ ತೋಟಕ್ಕೆ ಹೊಡೆಸುವುದು ಸುಮ್ನೆ ದಂಡ.

ನಮ್ಮ ಕಾಲದಲ್ಲಿ ಲಿಂಡೇನ್ ಅನ್ನುವ ಕೀಟನಾಶಕ ಕಲಸಿ ಬಟ್ಟೆಯಲ್ಲಿ ಅದ್ದಿ ಬರಿಗೈಯಲ್ಲಿ ಕಾಂಡಕ್ಕೆ ಬಳಿಯುತ್ತಿದ್ದರು. 2013ರಿಂದ ಅದರ ಬಳಕೆಯೇ ನಿಷೇಧ. ಹಳೇ ಸ್ಟೋರ್‌ನಲ್ಲಿ ಡಬ್ಬ ಇದ್ದರೆ ಮುಟ್ಟಬೇಡ, ಯಾರಿಗೂ ಕೊಡಬೇಡ.

ಮಡಿಕೇರಿ ಸಿಸ್ಟರ್:

ನಾನು ನರ್ಸ್. ಸ್ಪ್ರೇ ಸೀಸನ್‌ನಲ್ಲಿ ಇಂಥವರನ್ನು ನೋಡುತ್ತಲೇ ಇರುತ್ತೇವೆ. ನೀವು ಬರೆದ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು ಇವೆಲ್ಲ ಸೆಖೆಗೆ ಬಂದ ತಲೆಸುತ್ತಲ್ಲ. ಕ್ಲೋರ್‌ಪೈರಿಫಾಸ್ ಗುಂಪಿನ ಔಷಧಿ ಮೈಗೆ ಇಳಿದ ಲಕ್ಷಣ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಸಣ್ಣದಾಗುತ್ತೆ, ಮಾಂಸಖಂಡ ಅದುರುತ್ತೆ. ಇನ್ನೂ ಜಾಸ್ತಿ ಆದರೆ ಉಸಿರಾಟಕ್ಕೇ ತೊಂದರೆ. ಆಸ್ಪತ್ರೆಯಲ್ಲಿ ಇದಕ್ಕೆ ಅಟ್ರೋಪಿನ್ ಕೊಡುತ್ತಾರೆ. ಮನೆಯಲ್ಲಿ ಮದ್ದಿಲ್ಲ.

ಹುಣಸೆ ನೀರು, ಉಪ್ಪು ನೀರು, ಹಾಲು ಯಾವುದೂ ಬೇಡ. ವಾಂತಿ ಮಾಡಿಸಲೂ ಹೋಗಬೇಡಿ, ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ. ಕೆಲಸ ನಿಲ್ಲಿಸಿ, ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ಸೋಪು ಹಾಕಿ ಮೈ ತೊಳೆಸಿ. ತೊಳೆಯುವವರ ಕೈಗೂ ಗ್ಲೌಸ್ ಇರಲಿ. 108ಕ್ಕೆ ಫೋನ್ ಮಾಡಿ. ಬಾಟಲಿ ಅಥವಾ ಲೇಬಲ್ ಜೊತೆಗೇ ತನ್ನಿ. ಬೆಳಿಗ್ಗೆಯೇ ಲೇಬಲ್ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಲೇಬಲ್‌ನ ತ್ರಿಕೋನ ನೋಡಿ ಕೊಳ್ಳಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತಲ್ಲ.

ಬಟ್ಟೆ ವಿಷಯ. ಇದು ಜಾಸ್ತಿ ಒಳಗೆ ಹೋಗುವುದು ಚರ್ಮದ ಮೂಲಕ, ಎಲ್ಲರೂ ಮೂಗಿನ ಬಗ್ಗೆ ಮಾತ್ರ ಯೋಚಿಸುತ್ತಾರೆ. ಬೆನ್ನು ನೋಡಿ. ಪಂಪ್ ಮುಚ್ಚಳ ಸೋರಿ ಅಂಗಿ ಬೆನ್ನಿಗೆ ಅಂಟಿರುತ್ತೆ, ಅದರಲ್ಲೇ ಸಂಜೆವರೆಗೆ ಕೆಲಸ. ಮೊದಲು ವಾಷರ್ ಬದಲಿಸಿ, ಬೆನ್ನಿಗೆ ಒಂದು ಪ್ಲಾಸ್ಟಿಕ್ ಶೀಟ್ ಕಟ್ಟಿಸಿ. ತುಂಬು ತೋಳಿನ ಹತ್ತಿ ಅಂಗಿ, ಪ್ಯಾಂಟು, ಗಂಬೂಟು. ಜಿಗಣೆಗೆ ಅಂತ ಗಂಬೂಟು ಎಲ್ಲರ ಮನೆಯಲ್ಲೂ ಇದೆ. ಪ್ಯಾಂಟು ಬೂಟಿನ ಹೊರಗೆ ಇರಲಿ, ಇಲ್ಲದಿದ್ದರೆ ಔಷಧಿ ಇಳಿದು ಬೂಟಿನೊಳಗೆ ನಿಲ್ಲುತ್ತೆ. ನೈಟ್ರೈಲ್ ಗ್ಲೌಸ್ ಕೊಡಿಸಿ. ಒದ್ದೆ ಟವೆಲ್ ಔಷಧಿಯನ್ನು ಹೀರಿ ಮೂಗಿನ ಹತ್ತಿರವೇ ಹಿಡಿದಿಡುತ್ತೆ, ಅದು ಬೇಡ. ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ಬೇಕು. ಸೆಖೆಗೆ ಪರಿಹಾರ ಡ್ರೆಸ್ ಅಲ್ಲ, ಹೊತ್ತು. ಬೆಳಗಿನ ತಂಪಲ್ಲಿ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸಿ, ಪೂರ್ತಿ ದಿನದ ಕೂಲಿ ಕೊಡಿ. ಕೂಲಿ ಕಡಿತ ಆಗುತ್ತೆ ಅಂದರೆ ಯಾರೂ ನಿಲ್ಲಿಸುವುದಿಲ್ಲ. ಎಲೆ ಅಡಿಕೆ, ಬೀಡಿ ಕೈ ತೊಳೆದ ಮೇಲೆ. ಆ ಬಟ್ಟೆ ಮಕ್ಕಳ ಬಟ್ಟೆ ಜೊತೆ ಒಗೆಯಬಾರದು. ಹೆಚ್ಚಾಗಿ ಒಗೆಯುವುದು ಅವರ ಹೆಂಡತಿ, ಅವರಿಗೂ ಹೇಳಿ.

ಖಾಲಿ ಬಾಟಲಿ ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ, ಬಾಟಲಿಗೆ ತೂತು ಮಾಡಿ. ತೂತಿಲ್ಲದ ಕ್ಯಾನ್ ಲೈನ್ ಮನೆಯಲ್ಲಿ ನೀರಿನ ಕ್ಯಾನ್ ಆಗುತ್ತೆ. ತೋಡಿಗೆ ಬಿಸಾಡಿದರೆ ಅದೇ ಹಾರಂಗಿ ಹೊಳೆಗೆ ಹೋಗುತ್ತೆ.

ಸಿದ್ದಾಪುರದವನು:

ಸಿಸ್ಟರ್ ಹೇಳಿದ್ದು ಸರಿ. ಎಂಡೋಸಲ್ಫಾನ್ ಕೀಟನಾಶಕದ ಕಥೆ ನಮಗೆ ದೂರದ್ದಲ್ಲ, ಘಟ್ಟ ಇಳಿದರೆ ದಕ್ಷಿಣ ಕನ್ನಡದ ಕೊಕ್ಕಡ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸುವ ಹೊತ್ತಿಗೆ ಅಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು.

ಮಾದಾಪುರ ಅರೇಬಿಕಾ:

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ, ಹಾಲಿನ ವಿಷಯಕ್ಕೆ ಸ್ವಲ್ಪ ಮುನಿಸು. ಇವತ್ತು ಅಣ್ಣನ ಜೊತೆ ಮೇಲಿನ ತುಂಡು ನಡೆದೆವು. ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡ ಗಿಡಗಳಲ್ಲೂ ಅವರ ಕೈಗೆ ಏಣು ಸಿಗುತ್ತಿತ್ತು. ಬಿಸಿಲಿನ ಅಂಚಿನಲ್ಲೇ ಜಾಸ್ತಿ. ಹೀಗೆ ಬೋರರ್ ಗಿಡ ಹುಡುಕುವ ಟ್ರೇಸಿಂಗ್‌ಗೂ ಸ್ಪ್ರೇ ಕೂಲಿಯನ್ನೇ ಕೊಡುತ್ತೇನೆ ಅಂದಿದ್ದೇನೆ, ಒಪ್ಪಿದ್ದಾರೆ. ಲೈನ್ ಮನೆಗೆ ಬೇರೆ ಸೌದೆ ಕೊಡಿಸಬೇಕು. ಈ ಸಲ ಉಜ್ಜುವುದು, ಸುಣ್ಣ, ಟ್ರಾಪ್ ಅಷ್ಟೇ. ಔಷಧಿ ತರುವುದಿಲ್ಲ.

ಸರ್, ಒಂದು ಸಂಶಯ. ಸುಣ್ಣ ಪಂಪಿನಲ್ಲಿ ಹೊಡೆದರೆ ನಾಜಲ್ ಕಟ್ಟುವುದಿಲ್ವಾ?

ಸೋಮವಾರಪೇಟೆ ಹಳೇ ಪ್ಲಾಂಟರ್:

ಕಟ್ಟುತ್ತೆ. ಸ್ಪ್ರೇ ಸುಣ್ಣವೇ ತಾ, ಹಿಂದಿನ ರಾತ್ರಿ ನೆನೆಹಾಕಿ ಹಳೇ ಪಂಚೆಯಲ್ಲಿ ಎರಡು ಸಲ ಸೋಸು. ನಾಲ್ಕು ಎಕರೆಗೆ ಪಂಪ್ ಬೇಡ ಅನಿಸಿದರೆ ಬ್ರಷ್‌ನಲ್ಲೇ ಬಳಿಸು, ನಿಧಾನ ಆದರೂ ಕಾಂಡಕ್ಕೆ ಚೆನ್ನಾಗಿ ಕೂರುತ್ತೆ. ಸುಣ್ಣ ಅಂತ ಸಸಾರ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತೆ. ಕನ್ನಡಕ ಹಾಕಿಸು.