ಸ್ಫೆರಿಕ್ಸ್: ಗೋಳದ ಗಣಿತವೋ, ರೇಡಿಯೋದ ಕರಕರವೋ?

ಪ್ರಶ್ನೆ (ವಿರಾಜಪೇಟೆಯಿಂದ): ಶಾಲಾ ಮಕ್ಕಳಿಗೆ ವಿಜ್ಞಾನದ ಪದಪಟ್ಟಿ ಮಾಡ್ತಾ ಇದ್ದೇನೆ. ‘ಸ್ಫೆರಿಕ್ಸ್’ ಅಂದರೆ ಒಂದು ಕಡೆ ರೇಖಾಗಣಿತ, ಇನ್ನೊಂದು ಕಡೆ ಮಿಂಚಿನಿಂದ ರೇಡಿಯೋದಲ್ಲಿ ಬರುವ ಗಲಾಟೆ ಅಂತಿದೆ. ಎರಡೂ ಒಂದೇ ಪದವಾ? ಕನ್ನಡದಲ್ಲಿ ಏನಂತ ಹಾಕಲಿ?

ಉತ್ತರ (ಗಣಿತ ಉಪನ್ಯಾಸಕಿ): ಬೇರು ಒಂದೇ ಸರ್, ಗ್ರೀಕಿನ ‘ಸ್ಫೈರಾ’, ಅಂದರೆ ಚೆಂಡು. ಚೆಂಡಿನ ಮೈಮೇಲೆ ಎಳೆದ ವೃತ್ತ, ತ್ರಿಕೋನಗಳ ಗಣಿತಕ್ಕೆ ಸ್ಫೆರಿಕ್ಸ್ ಅನ್ನುವುದು ಹಳೆಯ ರೂಢಿ. ಪ್ರಾಚೀನ ಗ್ರೀಕ್ ಗಣಿತಜ್ಞರಾದ ಥಿಯೋಡೋಸಿಯಸ್, ಮೆನೆಲಾಸ್ ಇಬ್ಬರ ಗ್ರಂಥಗಳಿಗೂ ಅದೇ ಹೆಸರು. ರೇಡಿಯೋದವರದು ‘ಅಟ್ಮಾಸ್ಫೆರಿಕ್ಸ್’ನ ತಲೆ ಕತ್ತರಿಸಿದ ರೂಪ. ಅದನ್ನು ಇಂಗ್ಲಿಷಿನಲ್ಲಿ ಹೆಚ್ಚಾಗಿ ‘ಪಿಎಚ್’ ಬಿಟ್ಟು ‘ಎಫ್’ ಹಾಕಿ ಬರೆಯುತ್ತಾರೆ. ಕನ್ನಡದಲ್ಲಿ ಬರೆದಾಗ ಆ ವ್ಯತ್ಯಾಸ ಅಳಿಸಿಹೋಗುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. ಮೊದಲನೆಯದಕ್ಕೆ ‘ಗೋಳ ರೇಖಾಗಣಿತ’, ಎರಡನೆಯದಕ್ಕೆ ‘ಮಿಂಚಿನ ರೇಡಿಯೋ ಸ್ಪಂದ’ ಹಾಕಿ.

ಮಕ್ಕಳಿಗೆ ಒಂದು ಲೆಕ್ಕವನ್ನೂ ಕೊಡಿ. ಗೋಳದ ಮೇಲೆ ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿ ದಾಟುತ್ತದೆ. ಎಷ್ಟು ದಾಟುತ್ತದೆ ಅನ್ನುವುದು ವಿಸ್ತೀರ್ಣದ ಮೇಲೆ ನಿಂತಿದೆ: ವಿಸ್ತೀರ್ಣವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿ, ರೇಡಿಯನ್‌ನಲ್ಲಿ (ಒಂದು ರೇಡಿಯನ್ ಅಂದರೆ ಸುಮಾರು 57.3 ಡಿಗ್ರಿ) ಉತ್ತರ ಬರುತ್ತದೆ. ನಮ್ಮ ಕೊಡಗಿನಷ್ಟು, ಅಂದರೆ 4,102 ಚದರ ಕಿ.ಮೀ. ತ್ರಿಕೋನ ತಗೊಳ್ಳಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಹೆಚ್ಚುವರಿ ಸಿಗುವುದು ಸುಮಾರು 21 ಸೆಕೆಂಡು ಕೋನ ಮಾತ್ರ (ಒಂದು ಡಿಗ್ರಿಗೆ 3,600 ಸೆಕೆಂಡು). ಜಿಲ್ಲೆಯೊಳಗೆ ನಕ್ಷೆ ಹಾಕುವವರಿಗೆ ಚಪ್ಪಟೆ ಗಣಿತವೇ ಸಾಕು.

ಪ್ರಶ್ನೆ: ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಸಮಯದಲ್ಲಿ ಈ ಕರಕರ ಮನೆ ರೇಡಿಯೋದಲ್ಲೇ ಕೇಳಿಸಬಹುದಾ? ಮಡಿಕೇರಿ ಎಫ್‌ಎಂನಲ್ಲಿ ಏನೂ ಬರೋದಿಲ್ಲ.

ಉತ್ತರ (ರೇಡಿಯೋ ತಂತ್ರಜ್ಞ): ಎಫ್‌ಎಂನಲ್ಲಿ ಬರೋದಿಲ್ಲ. ಅಲೆಯ ಎತ್ತರದಲ್ಲಾಗುವ ಏರುಪೇರನ್ನು ಆ ಸೆಟ್ಟು ಒಳಗೇ ಕತ್ತರಿಸಿಬಿಡುತ್ತದೆ. ಮಿಂಚಿನ ಶಕ್ತಿ ಹೆಚ್ಚಿರುವುದೂ ತೀರಾ ಕೆಳಗೆ, 5ರಿಂದ 10 ಕಿಲೋಹರ್ಟ್ಸ್ ಆಸುಪಾಸು. ಅದು ನೆಲಕ್ಕೂ ಅಯಾನುಮಂಡಲಕ್ಕೂ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ನಡುವೆ ಪುಟಿಯುತ್ತಾ ಸಾವಿರಾರು ಕಿ.ಮೀ. ಹೋಗುತ್ತದೆ. ಮೀಡಿಯಂ ವೇವ್‌ಗೆ ಬರುವುದು ಅದರ ಬಾಲ.

ಬ್ಯಾಟರಿ ಸೆಟ್ಟಿನಲ್ಲಿ ಮುಳ್ಳನ್ನು ಕೆಳತುದಿಗೆ, 540 ಕಿಲೋಹರ್ಟ್ಸ್ ಹತ್ತಿರ ಸ್ಟೇಷನ್ ಇಲ್ಲದ ಜಾಗಕ್ಕೆ ತನ್ನಿ. 612ರಲ್ಲಿ ಬೆಂಗಳೂರು ಆಕಾಶವಾಣಿ ಇದೆ, ಅದನ್ನು ಬಿಡಿ. ಲೆಕ್ಕವಿಲ್ಲದಂತೆ ‘ಚಟ್, ಚಟಚಟ, ಕರ್ರ್’ ಅಂದರೆ ಮಿಂಚು. ಸೆಕೆಂಡಿಗೊಂದರಂತೆ ತಪ್ಪದೆ ‘ಟಕ್’ ಅಂದರೆ ಅದು ಆನೆಗೆ ಹಾಕಿದ ಸೋಲಾರ್ ಬೇಲಿ. ಬಿಡದೆ ‘ಝೂಂ’ ಅಂದರೆ ಎಲ್‌ಇಡಿ ಬಲ್ಬೋ ಲೈನಿನ ಇನ್ಸುಲೇಟರೋ. ಮನೆಯ ಮೇನ್ ಆಫ್ ಮಾಡಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಸೆಟ್ಟಿನೊಳಗೆ ಅಲೆ ಹಿಡಿಯುವ ಫೆರೈಟ್ ಕಡ್ಡಿ (ಒಳ ಏರಿಯಲ್) ಸಾಮಾನ್ಯವಾಗಿ ಉದ್ದಕ್ಕೆ ಮಲಗಿರುತ್ತದೆ. ಸೆಟ್ಟನ್ನು ನಿಧಾನ ತಿರುಗಿಸಿ, ಕರಕರ ತೀರಾ ಇಳಿದಾಗ ಕಡ್ಡಿಯ ತುದಿ ಮಳೆಯ ಕಡೆಗಿದೆ. ಜೋರಾಗುವ ದಿಕ್ಕನ್ನು ನಂಬಬೇಡಿ, ಅದು ಅಗಲ. ಇಳಿಯುವ ಜಾಗ ಚೂಪು. ಆದರೆ ಕಡ್ಡಿಗೆ ಎರಡು ತುದಿ, ಹಿಂದೋ ಮುಂದೋ ಅದು ಹೇಳುವುದಿಲ್ಲ.

ಮಂಜು, ಸಿಲ್ವರ್ ಓಕ್ ನಡುವೆ ಮಿಂಚು ಕಾಣದಿದ್ದಾಗಲೂ ಇದು ಉಪಯೋಗ. ಜೋರು ‘ಕರ್ರ್’ನಿಂದ ಗುಡುಗಿನ ತನಕ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಸಿಡಿತ ಒತ್ತೊತ್ತಾಗಿ ಬಂದರೆ ಯಾವುದರ ಗುಡುಗು ಯಾವುದೆಂದು ತಪ್ಪುತ್ತದೆ. ಎಣಿಕೆ 30 ಸೆಕೆಂಡು ತಲುಪುವುದರೊಳಗೆ ಗುಡುಗಿದರೆ ತೋಟ ಬಿಟ್ಟು ಒಳಗೆ ಬನ್ನಿ, ಕೊನೆಯ ಗುಡುಗಿನಿಂದ 30 ನಿಮಿಷ ಹೊರಗೆ ಬೇಡ. ಹೊರಗಿನ ತಂತಿ ಏರಿಯಲ್ ಇದ್ದರೆ ಮಳೆ ಕಟ್ಟುವ ಮೊದಲೇ ಕಳಚಿ.

ಪ್ರಶ್ನೆ: ಮಡಿಕೇರಿ, ಗೋಣಿಕೊಪ್ಪ ಎರಡೂ ಕಡೆ ದಿಕ್ಕು ಹಿಡಿದು ಗೆರೆ ಎಳೆದರೆ ಜಾಗ ಸಿಗುತ್ತದಾ?

ಉತ್ತರ (ಗಣಿತ ಉಪನ್ಯಾಸಕಿ): ಸಿಗುತ್ತದೆ, ಮಳೆ ನಾಗರಹೊಳೆ ಕಡೆ ಇಲ್ಲದಿದ್ದರೆ. ಆ ಕಡೆ ಇದ್ದರೆ ಮೂರೂ ಹೆಚ್ಚುಕಮ್ಮಿ ಒಂದೇ ಸಾಲಿಗೆ ಬರುತ್ತವೆ, ಗೆರೆಗಳು ಒಂದರ ಮೇಲೊಂದು ಬಿದ್ದು ಕತ್ತರಿಸುವ ಜಾಗ ಹತ್ತಾರು ಕಿ.ಮೀ. ಜಾರುತ್ತದೆ. ಸೋಮವಾರಪೇಟೆಯಲ್ಲಿ ಮೂರನೇ ಸೆಟ್ಟು ಇಡಿಸಿ. ಸಾವಿರಾರು ಕಿ.ಮೀ. ದೂರದ ಮಿಂಚು ಹುಡುಕುವ ಜಾಲಗಳಲ್ಲಿ ಮಾತ್ರ ನೇರ ಗೆರೆ ನಡೆಯುವುದಿಲ್ಲ, ಅಲ್ಲಿ ಮಹಾವೃತ್ತದ (ಗೋಳದ ಕೇಂದ್ರವೇ ತನ್ನ ಕೇಂದ್ರವಾದ ವೃತ್ತ) ಕಮಾನನ್ನೇ ಎಳೆಯಬೇಕು. ನಿಮ್ಮ ಪಟ್ಟಿಯ ಎರಡು ಸ್ಫೆರಿಕ್ಸ್‌ಗಳೂ ಒಂದೇ ಹಾಳೆಗೆ ಬರುವುದು ಆಗ.